ಎರಡು ಸುತ್ತಿನ ಗಂಟು

ಪುಣೆ, ೨೧ ಜೂನ್ ೧೯೩೬

ಫಕ್ರುಸಾಬ ಚಾಚಾ ಅವರಿಗೆ ಉಳವಪ್ಪನ ಶರಣು.

ಮೊನ್ನೆ ಬೆಳಿಗ್ಗೆ ಪುಣೆ ಮುಟ್ಟಿದೆ. ನೀವು ಕಟ್ಟಿಕೊಟ್ಟ ವೀಳ್ಯದೆಲೆ ನೋಡಿ ರೈಲಿನಲ್ಲಿ ಅಕ್ಕಪಕ್ಕದವರೆಲ್ಲ ಕೈ ಚಾಚಿದರು. ಮೀರಜ ದಾಟುವ ಹೊತ್ತಿಗೆ ನನ್ನ ಪಾಲಿಗೆ ಎರಡೇ ಎಲೆ ಉಳಿದಿದ್ದವು. ಬಂಕಾಪುರದ ಗೆಳೆಯ ಇಸಾಕ ಸ್ಟೇಷನ್ನಿಗೆ ಬಂದಿದ್ದ. ಅವನ ಖೋಲಿಯಲ್ಲೇ ನನ್ನ ಟ್ರಂಕು ಇಟ್ಟಿದ್ದೇನೆ. ಬಿ.ಎ. ಮೊದಲ ವರ್ಷಕ್ಕೆ ಹೆಸರು ಹಚ್ಚಿಯಾಯಿತು.

ಶಿಗ್ಗಾವಿಯ ವಿದ್ಯಾರ್ಥಿ ಫಂಡಿನವರು ಫೀ ಕಳಿಸಿದ್ದಾರೆ. ಖಾನಾವಳಿಯ ಖರ್ಚಿಗೆಂದು ತಿಂಗಳಿಗೆ ಹತ್ತು ರೂಪಾಯಿಯೂ ಬರುತ್ತದೆ. ಕಾರ್ಯದರ್ಶಿ ಪರಮೇಶಪ್ಪನವರು ಕರಾರು ಪತ್ರದ ನಕಲು ಕಳಿಸಿದ್ದರು. ಅಂದು ಗಡಿಬಿಡಿಯಲ್ಲಿ ಸಹಿ ಹಾಕಿದ್ದೆವು. ಇಲ್ಲಿ ಕೂತು ಪೂರ್ತಿ ಓದಿದೆ. ಡಿಗ್ರಿ ಮುಗಿಸಿದರೆ ಅರ್ಧ ಹಣ ಮಾತ್ರ ಕೊಟ್ಟರಾಯಿತು, ಅದೂ ನೌಕರಿ ಸಿಕ್ಕ ಮೇಲೆ ಸಾವಕಾಶವಾಗಿ. ನಡುವೆ ಬಿಟ್ಟರೆ ಪೂರ್ತಿ ಹಣವನ್ನು ಆರು ತಿಂಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಬಡ್ಡಿ, ಆಮೇಲೆ ಜಾಮೀನುದಾರನ ಆಸ್ತಿ. ಆಸ್ತಿ ಎಂಬಲ್ಲಿ ನಿಮ್ಮ ಎಲೆತೋಟದ ನಂಬರು ಬರೆದಿದ್ದಾರೆ. ಚಾಚಾ, ಅದನ್ನು ಓದಿ ಸಹಿ ಹಾಕಿದಿರೋ, ಓದದೆಯೋ?

ಅಪ್ಪ ತೀರಿಕೊಂಡ ಮೇಲೆ ನೀವು ನಮ್ಮ ಮನೆಗೆ ಮಾಡಿದ್ದು ಒಂದೆರಡಲ್ಲ. ನಾನು ಮಾಮಲೇದಾರನಾಗಿಯೇ ಬರುತ್ತೇನೆ, ನೋಡುತ್ತಿರಿ. ಹಾಜರಾ ಚಾಚಿಗೆ ಶರಣು ಹೇಳಿರಿ. ದುಂಡಸಿಗೆ ಹೋದರೆ ಅವ್ವನಿಗೆ, ಪುಣೆಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ ಎಂದು ಹೇಳಿರಿ. ಸಿಗುವುದಿಲ್ಲ, ಆದರೂ ಹೇಳಿರಿ.

ನಿಮ್ಮ
ಉಳವಪ್ಪ


ಸವಣೂರು, ೨ ಜುಲೈ ೧೯೩೬

ಉಳವ್ಯಾ, ದುವಾ.

ನಿನ್ನ ಹಂಗ ಅಚ್ಚಿನ ಕನ್ನಡ ನನಗ ಬರೂದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಾಂವ ನಾ. ಬಾಯಿಗೆ ಬಂದಂಗ ಬರೀತೇನಿ, ನಗಬ್ಯಾಡ.

ಕರಾರು ಓದಿ ಸಹಿ ಹಾಕಿದ್ಯೋ ಇಲ್ಲೋ ಅಂತ ಕೇಳ್ತಿ? ಪರಮೇಶಪ್ಪ ಎರಡು ಸಲ ಓದಿ ಹೇಳಿದ್ರು. ಮ್ಯಾಲೆ, "ಫಕ್ರುಸಾಬ, ಹುಡುಗನ ಮ್ಯಾಲೆ ಇಷ್ಟು ಭರೋಸ ಐತೇನ್ರಿ?" ಅಂದ್ರು. ಕಟ್ಟು ಬಿಚ್ಚಿ ಎರಡು ಎಲಿ ತಗದು, ಅಡಿಕಿ ಇಟ್ಟು ಅವರ ಕೈಯಾಗ ಕೊಟ್ಟೆ. ಅವರೂ ಹಾಕ್ಕೊಂಡ್ರು, ನಾನೂ ಹಾಕ್ಕೊಂಡೆ. ನಮ್ಮ ಧಂದೇದಾಗ ಅಷ್ಟಾದ್ರ ಮಾತು ಮುಗೀತು. ಸಹಿ ಅನ್ನೂದು ಆಮ್ಯಾಲಿಂದು.

ನಿಮ್ಮಪ್ಪ ಶಂಕ್ರಪ್ಪ, ನಾನು, ಹದಿನೆಂಟು ವರ್ಷ ಒಂದೇ ಗಾಡ್ಯಾಗ ಸಂತಿ ತಿರುಗೇವಿ. ಅವಂದು ಮೆಣಸಿನಕಾಯಿ, ನಂದು ಎಲಿ. ಹಾನಗಲ್ಲ ಹಾದ್ಯಾಗ ಮಳಿ ಹೊಡದ್ರ ಮೊದಲ ನನ್ನ ಎಲಿ ಬುಟ್ಟಿಗೆ ಕಂಬಳಿ ಹೊಚ್ಚತಿದ್ದ, ಆಮ್ಯಾಲೆ ತನ್ನ ಚೀಲಕ್ಕ. ಅದಕ್ಕ ನಾ ಕಾಗದಾ ಬರಸಿಕೊಂಡಿದ್ನೇನು?

ತೋಟದ ಚಿಂತಿ ನಿನಗ ಬ್ಯಾಡ. ಉದ್ದಾದ ಬಳ್ಳಿ ಇಳಿಸಿ ಮಣ್ಣಾಗ ಹುಗಿಯಾಕತ್ತೇವಿ. ಮೋತಿ ಆರಾಮ ಐತಿ. ಟಾಂಗಾಕ್ಕ ಹೂಡಿದ್ರ ನೀ ಎಲ್ಲಿದ್ದಿ ಅಂತ ಕುದುರಿ ಹಿಂದ ಹೊಳ್ಳಿ ನೋಡತೈತಿ. ರೊಟ್ಟಿ ಸಿಗತೈತಂತ ನಿಮ್ಮವ್ವ ಹಾಲವ್ವಗ ಹೇಳೇನಿ. ನಂಬಲಿಲ್ಲ. ಚಾಚಿ ಚಟ್ನಿಪುಡಿ ಕಟ್ಟಿ ಕಳಿಸ್ಯಾಳ. ಚಂದಾಗಿ ಓದು.

ಫಕ್ರುಸಾಬ


ಹಿರೇಕೆರೂರು, ೧೦ ಜುಲೈ ೧೯೩೮
(ಅಂಚೆಗೆ ಹಾಕದೆ ಟ್ರಂಕಿನಲ್ಲಿ ಇಟ್ಟದ್ದು)

ಚಾಚಾ,

ಈ ಎರಡು ವರ್ಷ ನಿಮಗೆ ಬರೆದ ಪತ್ರಗಳಲ್ಲಿ ಸುಳ್ಳಿರಲಿಲ್ಲ. ಇನ್ನು ಮುಂದೆ ಇರುತ್ತದೆ. ಅದಕ್ಕೇ ಇದೊಂದನ್ನಾದರೂ ನಿಜ ಬರೆಯುತ್ತೇನೆ.

ನಾನು ಕಾಲೇಜು ಬಿಟ್ಟೆ. ನಾಪಾಸಾಗಲಿಲ್ಲ, ಜಡ್ಡು ಬೀಳಲಿಲ್ಲ. ನಮ್ಮ ಖೋಲಿಯ ಹಿಂದೆ ಒಂದು ಹಿಟ್ಟಿನ ಗಿರಣಿ ಇತ್ತು. ಸಂಜೆ ಸಂಜೆ ಅಲ್ಲಿ ಕೂತು ಇಂಜಿನ್ನಿನ ಕೆಲಸ ಕಲಿತಿದ್ದೆ. ಮಾರ್ಚಿನಲ್ಲಿ ಇಂಟರ್ ಪರೀಕ್ಷೆಯ ದಿನ ಮುಂಜಾನೆ ಆ ಇಂಜಿನ್ನು ಕೆಟ್ಟು ನಿಂತಿತ್ತು. ಐದು ನಿಮಿಷ ನೋಡಿ ಹೋಗೋಣ ಎಂದು ಹೊಕ್ಕವನು ಹೊರಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಇಂಜಿನ್ನು ಢಗಢಗ ಎಂದು ನಡೆಯುತ್ತಿತ್ತು. ಪರೀಕ್ಷೆ ಹೋಯಿತೆಂಬ ದುಃಖಕ್ಕಿಂತ ಅದು ಚಾಲೂ ಆಯಿತೆಂಬ ಖುಷಿಯೇ ದೊಡ್ಡದಾಗಿತ್ತು ಚಾಚಾ. ನಾನು ಮಾಮಲೇದಾರ ಆಗುವವನಲ್ಲ ಎಂದು ಆಗಲೇ ತಿಳಿಯಿತು.

ಆಮೇಲೆ ಲೆಕ್ಕ ಹಾಕಿದೆ, ಖುಷಿಯೆಲ್ಲ ಇಳಿಯಿತು. ಕಟ್ಟಿದ ಫೀ ಹೊಳ್ಳಿ ಬರುವುದಿಲ್ಲವಂತೆ. ಪುಸ್ತಕ ಮಾರಿದ್ದು ಖಾನಾವಳಿಯ ಬಾಕಿಗೆ ಸರಿಹೋಯಿತು. ಫಂಡಿಗೆ ಕೊಡಬೇಕಾದದ್ದು ಮುನ್ನೂರು ರೂಪಾಯಿ. ಇಲ್ಲಿ ಸಾವಂತ್ರವ್ವ ಎಂಬವರ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ನು ನಡೆಸುವ ಕೆಲಸಕ್ಕೆ ನಿಂತಿದ್ದೇನೆ. ಸಂಬಳ ಇಪ್ಪತ್ತೆರಡು. ಅದರಲ್ಲಿ ಹನ್ನೆರಡು ರೂಪಾಯಿಯನ್ನು ತಿಂಗಳಾ ಮನಿಆರ್ಡರ್ ಮಾಡುತ್ತೇನೆಂದು ಪರಮೇಶಪ್ಪನವರಿಗೆ ಬರೆದು, ಪೂರ್ತಿ ತೀರುವವರೆಗೆ ನಿಮಗೆ ತಿಳಿಸಬೇಡಿರೆಂದು ಕೈಮುಗಿದು ಕೇಳಿಕೊಂಡಿದ್ದೇನೆ. ಆದರೆ ಆರು ತಿಂಗಳಿಗೆ ಆಗುವುದು ಬರೀ ಎಪ್ಪತ್ತೆರಡು. ಆಮೇಲೆ ಅವರು ನಿಮ್ಮ ತೋಟಕ್ಕೆ ಬಂದರೆ? ಅದೊಂದೇ ನನ್ನ ಹೆದರಿಕೆ.

ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ. ನೀವು ಪರಮೇಶಪ್ಪನವರ ಕೈಗೆ ಕೊಟ್ಟ ಆ ಎರಡು ಎಲೆ ಕಣ್ಣ ಮುಂದೆ ಬರುತ್ತವೆ.

ಉಳವಪ್ಪ


ಪುಣೆ, ೧೦ ಜುಲೈ ೧೯೩೮
(ಹಿರೇಕೆರೂರಿನಲ್ಲಿ ಬರೆದು, ಇಸಾಕನಿಗೆ ಕಳಿಸಿ, ಪುಣೆಯಲ್ಲಿ ಅಂಚೆಗೆ ಹಾಕಿಸಿದ್ದು)

ಚಾಚಾ ಅವರಿಗೆ ಶರಣು.

ಇಂಟರ್ ಮುಗಿಯಿತು, ಮೂರನೆಯ ವರ್ಷ ಶುರುವಾಗಿದೆ. ಹುಡುಗರಿಗೆ ಪಾಠ ಹೇಳಿ ಖರ್ಚು ನಡೆಸುತ್ತೇನೆ, ಫಂಡಿನ ಹಣ ಇನ್ನು ಸಾಕೆಂದು ಬರೆದಿದ್ದೇನೆ. ಇಲ್ಲಿ ಮಳೆ ಬಹಳ. ನನ್ನ ಪತ್ರ ತಡವಾದರೆ ಮಳೆಯ ಕಾರಣ ಎಂದು ತಿಳಿಯಿರಿ.

ಒಂದು ಸುದ್ದಿ ಮಾತ್ರ ಹೇಳಲೇಬೇಕು. ಹೋದ ವಾರ ಇಲ್ಲಿಯ ಸಂತೆಯಲ್ಲಿ ಎಲೆ ಮಾರುವವಳ ಮುಂದೆ ಹಾಯುತ್ತಿದ್ದೆ. ಒಂದು ಕಟ್ಟು ಕಣ್ಣಿಗೆ ಬಿತ್ತು. ಬಾಳೆನಾರು, ಎರಡು ಸುತ್ತು, ಗಂಟು ತೊಟ್ಟಿನ ಕಡೆಗೆ. ನಿಮ್ಮ ಕೈಯ ಗಂಟು ಚಾಚಾ! ಕೊಂಡು ಮೂಗಿಗೆ ಹಿಡಿದೆ. ನಿಮ್ಮ ತೋಟದ ಬದುವಿನ ಮೇಲೆ ಕೂತ ಹಾಗಾಯಿತು. ಒಂದು ಎಲೆಯೂ ಬಾಡಿರಲಿಲ್ಲ. ತಿಂದದ್ದು ನಾಲ್ಕೇ ದಿನಕ್ಕೆ ಮುಗಿಯಿತು, ನಾರನ್ನು ಮಾತ್ರ ಬಿಸಾಡದೆ ಇಟ್ಟುಕೊಂಡಿದ್ದೇನೆ.

ಉಳವಪ್ಪ


ಸವಣೂರು, ೬ ಆಗಸ್ಟ್ ೧೯೩೮

ಉಳವ್ಯಾ, ದುವಾ.

ಪುಣೆ ಸಂತ್ಯಾಗ ನನ್ನ ಎಲಿ ಸಿಕ್ತಂತ ಓದಿ ಚಾಚಿಗೆ ಬಾಳ ಖುಷಿ ಆತು. ನನಗೂ ಆತು ಅನ್ನು. ಒಂದೂ ಬಾಡಿರಲಿಲ್ಲ ಅಂತ ಬರದೀಯಲ್ಲ, ಅದನ್ನ ನಾಕು ಸಲ ಓದಿಸಿಕೊಂಡ್ಲು.

ಮೋತೀನ ಮಾರಿದೆ, ಟಾಂಗಾ ಸಮೇತ. ವಯಸ್ಸಾತೋ ಮಾರಾಯಾ. ನನಗೋ ಕುದುರಿಗೋ ಅಂತ ಕೇಳಬ್ಯಾಡ. ಬಂಕಾಪುರದವರು ತಗೊಂಡ್ರು, ಚಲೋ ಮಂದಿ, ಹೊಟ್ಟಿ ತುಂಬ ಕಡ್ಲಿ ಹಾಕ್ತಾರ. ಈಗ ನಾ ಸರ್ವಿಸ್ ಮೋಟಾರದಾಗ ಬುಟ್ಟಿ ಏರಿಸಿಕೊಂಡು ಸಂತಿಗೆ ಹೊಂಡತೇನಿ. ಆ ಕಂಡಕ್ಟರ್ ಬುಟ್ಟಿಗೂ ತಿಕೀಟ ಕೇಳ್ತಾನ ನೋಡು, ಎಂಥಾ ಕಾಲ ಬಂತು!

ಮೊನ್ನೆ ಹಿರೇಕೆರೂರ ಸಂತಿಗೆ ಖುದ್ದ ಹೋಗಿದ್ದೆ. ಅಲ್ಲೊಂದು ಹಿಟ್ಟಿನ ಗಿರಣಿ ಆಗೈತಿ, ಏನದರ ಸಪ್ಪಳ ಅಂತಿ! ಅಂಥಾ ಇಂಜಿನ್ನಿಲೆ ತೋಟದ ಬಾವಿ ನೀರು ಎತ್ತಾಕ ಬರತೈತೇನು? ಎತ್ತು ಕಟ್ಟಿ ಎಳಿಸಿ ಎಳಿಸಿ ಸಾಕಾಗೈತಿ. ನಿಮ್ಮ ಕಾಲೇಜಿನಾಗ ತಿಳದವರು ಇದ್ರ ಕೇಳಿ ಬರಿ, ಅವಸರಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೀ ಸೊರಗಿರಬೇಕು ಅಂತ ನನಗ ಅನಸತೈತಿ.

ಫಕ್ರುಸಾಬ


ಪುಣೆ, ೨೦ ನವೆಂಬರ್ ೧೯೩೮
(ಇಸಾಕನ ಮೂಲಕ)

ಚಾಚಾ ಅವರಿಗೆ ಶರಣು.

ಮೋತಿಯನ್ನು ಮಾರುವುದೆಂದರೇನು? ನನಗೆ ಸಿಟ್ಟು ಬಂದದ್ದು ಇನ್ನೂ ಇಳಿದಿಲ್ಲ. ನಾನು ಸವಾರಿ ಕಲಿತ ಕುದುರೆ ಅದು. ಇಂಥ ದೊಡ್ಡ ಮಾತನ್ನು ನನ್ನಿಂದ ಮುಚ್ಚಿಟ್ಟು, ಎಲ್ಲ ಮುಗಿದ ಮೇಲೆ ಬರೆಯುತ್ತೀರಲ್ಲ, ಇದು ಸರಿಯೇ?

ಇಂಜಿನ್ನಿನ ಬಗ್ಗೆ ಇಲ್ಲಿಯ ತಿಳಿದವರನ್ನು ಕೇಳಿದೆ. ನೀರು ಎತ್ತಬಹುದಂತೆ. ಐದು ಕುದುರೆ ಶಕ್ತಿಯದು ಸಾಕು. ಬಾವಿಯ ದಂಡೆಯಲ್ಲಿ ಗಚ್ಚಿನ ಕಟ್ಟೆ ಕಟ್ಟಿ ಕೂರಿಸಬೇಕು, ಇಲ್ಲದಿದ್ದರೆ ನಡುಗಿ ನಡುಗಿ ಬೋಲ್ಟು ಸಡಿಲಾಗುತ್ತವೆ. ಪಂಪು ನೀರಿಗೆ ಆದಷ್ಟು ಹತ್ತಿರ ಇರಬೇಕು. ಇಂಜಿನ್ನಿನಿಂದ ಪಂಪಿಗೆ ಹಾಕುವ ಪಟ್ಟಾ ಬಹಳ ಬಿಗಿ ಇರಬಾರದು. ಹಳೆಯ ಇಂಜಿನ್ನು ಕೊಳ್ಳುವುದಾದರೆ ಚಾಲೂ ಮಾಡಿ ಹೊಗೆ ನೋಡಬೇಕು, ಕರಿ ಹೊಗೆ ಬಂದರೆ ಮುಟ್ಟಬಾರದು. ಹಾನಗಲ್ಲಿನ ಅಕ್ಕಿ ಗಿರಣಿಯವರ ಹಳೆಯದು ಚಲೋ ಇದೆಯಂತೆ, ಅವರು ಮಾರಿದರೆ ಬಿಡಬಾರದು. ನನಗೆ ಇದರಲ್ಲಿ ಏನೂ ತಿಳಿಯುವುದಿಲ್ಲ, ಕೇಳಿದ್ದನ್ನು ಬರೆದಿದ್ದೇನೆ ಅಷ್ಟೇ.

ದೀಪಾವಳಿಗೆ ದುಂಡಸಿಗೆ ಬಂದಿದ್ದೆ. ರಜೆ ಎರಡೇ ದಿನ, ಸವಣೂರಿಗೆ ಬರಲಾಗಲಿಲ್ಲ. ಶಿಗ್ಗಾವಿಯಿಂದ ನಿಮಗೆ ಏನಾದರೂ ಕಾಗದ ಬಂತೇ? ಸುಮ್ಮನೆ ಕೇಳಿದೆ.

ಉಳವಪ್ಪ


ಸವಣೂರು, ೧೫ ಜೂನ್ ೧೯೪೦

ಉಳವ್ಯಾ, ದುವಾ.

ಒಂದೂವರಿ ವರ್ಷದಾಗ ನಾಕು ಕಾರ್ಡು ಹಾಕಿದಿ. ನಾಕರಾಗೂ ಪುಣೆ ಮಳಿ. ಬ್ಯಾಸಗ್ಯಾಗ ಹಾಕಿದ್ದರಾಗೂ ಮಳಿ! ಕಡೀಕ ಒಂದು ಸಾಲು, ಶಿಗ್ಗಾವಿಯಿಂದ ಕಾಗದ ಬಂತೇನಂತ. ಬಂದಿಲ್ಲ ತಮ್ಮಾ. ಒಂದೂ ಬಂದಿಲ್ಲ. ತೋಟ ತೋಟದಾಗ ಐತಿ.

ಮೊನ್ನೆ ದುಂಡಸಿಗೆ ಹೋಗಿದ್ದೆ. ನಿಮ್ಮವ್ವ ಅಂದ್ಲು, "ಅಣ್ಣಾರ, ನನ್ನ ಮಗ ಅದೆಷ್ಟು ಬರೀತಾನೋ ಏನೋ, ಉಗುರಿನಾಗೆಲ್ಲ ಮಸಿ ಕುಂತೈತ್ರಿ. ಸೀಗಿಕಾಯಿ ಹಚ್ಚಿ ತಿಕ್ಕಿದ್ರೂ ಹೋಗವಲ್ದು." ನಾ ಅಂದೆ, ಹೌದವಾ, ಬಿ.ಎ. ಮಸಿ ಬಾಳ ಗಟ್ಟಿ ಇರತೈತಿ.

ಇದು ಡಿಗ್ರಿ ಮುಗಿಯೂ ವರ್ಷ ಅಲ್ಲೇನು? ಊರಿನಾಗ ಮಂದಿ ಕೇಳಾಕತ್ತಾರ. ಚಾಚಿ ಹೊಸಾ ರುಮಾಲು ತಂದಿಟ್ಟಾಳ. ಹಬ್ಬಕ್ಕ ಬಾ ಅನ್ನೂದಿಲ್ಲ ನಾ. ಹೇಳೂದೇನರ ಇದ್ರ ಮೊದಲ ಬರಿ, ಆಮ್ಯಾಲೆ ಬಾ. ನಾ ಬೈಯೂದಿಲ್ಲ. ಬೈದ್ರೂ ಬಾಳ ಹೊತ್ತು ಬೈಯೂದಿಲ್ಲ.

ಫಕ್ರುಸಾಬ


ಹಿರೇಕೆರೂರು, ೨೨ ಜುಲೈ ೧೯೪೦

ಚಾಚಾ ಅವರ ಪಾದಗಳಿಗೆ ಉಳವಪ್ಪನ ಶರಣು.

ಮೇಲೆ ಬರೆದ ಊರಿನ ಹೆಸರು ನೋಡಿ ಗಾಬರಿಯಾಗಬೇಡಿರಿ. ಇದರ ಜೊತೆ ಹಳೆಯದೊಂದು ಪತ್ರ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ಬರೆದು ಕಳಿಸದೆ ಇಟ್ಟದ್ದು. ಮೊದಲು ಅದನ್ನು ಓದಿರಿ, ಆಮೇಲೆ ಇದನ್ನು.

ಓದಿದಿರಾ? ಈಗ ಉಳಿದದ್ದು ಹೇಳುತ್ತೇನೆ. ಈ ತಿಂಗಳ ಒಂದನೇ ತಾರೀಖು ಇಪ್ಪತ್ತೈದನೆಯ ಮನಿಆರ್ಡರ್ ಕಳಿಸಿದೆ. ಮುನ್ನೂರು ರೂಪಾಯಿ ಪೂರ್ತಿಯಾಯಿತು. ಬಡ್ಡಿ ಎಷ್ಟಾಗಿದೆ ತಿಳಿಸಿರೆಂದು ಪರಮೇಶಪ್ಪನವರಿಗೆ ಬರೆದೆ. "ಬಡ್ಡಿ ಏನೂ ಇಲ್ಲ. ನಿನ್ನ ಚಾಚಾನಿಗೆ ಪತ್ರ ಬರೆ" ಎಂದು ಎರಡೇ ಸಾಲು ಬರೆದಿದ್ದಾರೆ. ಆರು ತಿಂಗಳ ಗಡುವು ದಾಟಿದರೂ ಅವರು ನಿಮ್ಮ ತೋಟದ ಕಡೆಗೆ ಬರಲಿಲ್ಲ. ಅವರ ದೊಡ್ಡ ಮನಸ್ಸು. ಅವರಿಗೆ ನಾನು ಜೀವಮಾನ ಋಣಿ.

ನೀವು ಈ ಊರ ಸಂತೆಗೆ ಬಂದಿದ್ದಿರೆಂದು ಓದಿದಂದಿನಿಂದ, ಪ್ರತಿ ಸಂತೆಯ ದಿನ ನೀವು ಬಂದೀರೆಂದು ಗಿರಣಿಯ ಬಾಗಿಲನ್ನು ಅರ್ಧ ಮುಚ್ಚಿಕೊಂಡು ಕೆಲಸ ಮಾಡಿದ್ದೇನೆ. ನಿಮಗೆ ಸುಳ್ಳು ಬರೆದದ್ದಕ್ಕೆ ನನಗೆ ನಾಚಿಕೆಯಿದೆ. ಕಾಲೇಜು ಬಿಟ್ಟದ್ದಕ್ಕೆ ಮಾತ್ರ ಇಲ್ಲ, ಅದನ್ನೂ ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಹಾನಗಲ್ಲ ಸೀಮೆಯಿಂದಲೂ ಈಗ ಇಂಜಿನ್ನು ಕೆಟ್ಟರೆ ನನ್ನನ್ನು ಕರೆಯುತ್ತಾರೆ. ಸಾವಂತ್ರವ್ವ ಸಂಬಳ ಮೂವತ್ತು ಮಾಡಿದ್ದಾರೆ. ದಿನವಿಡೀ ಎಣ್ಣೆ, ಹಿಟ್ಟು, ಸಪ್ಪಳ. ನನಗೆ ಇದರಲ್ಲೇ ಸುಖ ಇದೆ ಚಾಚಾ.

ನಿಮ್ಮ ತೋಟದ ಮೇಲಿದ್ದ ನನ್ನ ಭಾರ ಇಳಿಯಿತು. ಈಗ ನಿಮ್ಮ ಮನೆಯ ಕಟ್ಟೆ ಹತ್ತಲು ಅಪ್ಪಣೆ ಬೇಡುತ್ತೇನೆ. ಬೇಡವೆಂದರೆ ಬರುವುದಿಲ್ಲ.

ಉಳವಪ್ಪ


ಸವಣೂರು, ೩೦ ಜುಲೈ ೧೯೪೦

ಉಳವ್ಯಾ, ದುವಾ. ಸಾವಿರ ದುವಾ.

ಕಾಗದದ ಮ್ಯಾಲೆ ಹಿರೇಕೆರೂರು ಅಂತ ಬರಿಯಾಕ ನಿನಗ ಎರಡು ವರ್ಷ ಬೇಕಾತೇನೋ! ಎರಡೂ ಪತ್ರ ಚಾಚಿಗೆ ಓದಿ ಹೇಳಿದೆ. ಅತ್ತಳು. ಅತ್ತು ಮುಗಿಸಿ ನನಗ ಬೈದಳು, "ಗೊತ್ತಿದ್ದೂ ಎರಡು ವರ್ಷ ಹುಡುಗನ್ನ ಹೆದರಿಕ್ಯಾಗ ಇಟ್ರಲ್ರಿ, ನಿಮ್ಮ ಎದಿ ಏನು ಕಲ್ಲೇನ್ರಿ?" ಅಂತ.

ಹೌದಪಾ, ಗೊತ್ತಿತ್ತು. ಗಂಟಿನ ಪತ್ರ ಬರದಿದ್ಯಲ್ಲ, ಅವತ್ತೇ ಗೊತ್ತಾತು. ನಾ ಒಂದೊಂದು ಸಂತಿಗೆ ಒಂದೊಂದು ಗಂಟು ಹಾಕ್ತೇನಿ, ಬುಟ್ಟಿ ಅದಲಬದಲ ಆಗಬಾರದಂತ. ಹಾನಗಲ್ಲಿಗೆ ಒಂದು ಸುತ್ತು, ಶಿಗ್ಗಾವಿಗೆ ಮೂರು. ಎರಡು ಸುತ್ತು ಹಿರೇಕೆರೂರಿಗೆ ಅಷ್ಟ. ನೀ ಸಣ್ಣಾಂವ ಇದ್ದಾಗ ನಿಮ್ಮಪ್ಪನ ತೊಡಿ ಮ್ಯಾಲೆ ಕುಂತು ಆ ಒಂದು ಸಂತಿಗೇ ಬರ್ತಿದ್ದಿ. ಚಾಚಾ ಎಲ್ಲಾ ಊರಿಗೂ ಹಂಗ ಕಟ್ಟತಾನ ಅನ್ಕೊಂಡುಬಿಟ್ಟಿ. ಪುಣೆಗೆ ನನ್ನ ಎಲಿ ಹೋಗಿದ್ದೇ ಇಲ್ಲಲ್ಲೋ ಹುಚ್ಚಪ್ಪಾ.

ಮುಂದಿನ ಸಂತಿಗೆ ನಾನೇ ಬಂದೆ. ಗಿರಣಿ ಎದುರಿನ ಬೇವಿನ ಗಿಡದ ಬುಡಕ ನಿಂತೆ. ನೀ ಇಂಜಿನ್ನಿನಾಗ ತಲಿ ಹಾಕಿದ್ದಿ. ಮಾರಿ ತುಂಬ ಎಣ್ಣಿ, ಬಾಯಾಗ ಹಾಡು. ನಿಮ್ಮಪ್ಪ ಹೋದಾಗಿಂದ ನೀ ಹಾಡಿದ್ದು ನಾ ಕೇಳಿರಲಿಲ್ಲ. ಕರಿಯಾಕ ಬಾಯಿ ತಗದಾಂವ ಹಂಗೇ ಮುಚ್ಚಿಕೊಂಡೆ. ಕರದಿದ್ರ ಸಂತಿ ಮಂದಿ ಮುಂದ ಕಾಲು ಹಿಡಕೊಂಡು ಅಳತಿದ್ದಿ, ಹಾಡು ಅಲ್ಲಿಗೇ ನಿಲ್ಲತಿತ್ತು. ಸಿಟ್ಟು ಬಂದಿತ್ತು ನನಗ, ಸುಳ್ಳು ಯಾಕ ಹೇಳಲಿ. ಕಾಲೇಜು ಬಿಟ್ಟದ್ದಕ್ಕಲ್ಲ. ನನ್ನ ಮುಂದ ಹೇಳಾಕ ಹೆದರಿದ್ಯಲ್ಲ, ಅದಕ್ಕ.

ಅಲ್ಲಿಂದ ನೆಟ್ಟಗ ಶಿಗ್ಗಾವಿಗೆ ಹೋದೆ. ಪರಮೇಶಪ್ಪ ಮೊದಲ ಬಾಯಿ ಬಿಡಲಿಲ್ಲ, ಆಮ್ಯಾಲೆ ನಿನ್ನ ಪತ್ರ ತಗದು ತೋರಿಸಿದ್ರು. ಇಲ್ಲೆ ಒಬ್ಬ ವಕೀಲರನ್ನ ಕೇಳಿದೆ. ಅವರಂದ್ರು, "ಫಕ್ರುಸಾಬ, ನೀವಿರೂದು ನವಾಬರ ಸಂಸ್ಥಾನದಾಗ, ಫಂಡು ಇಂಗ್ರೇಜರ ಸೀಮ್ಯಾಗ. ಧಾರವಾಡ ಕೋರ್ಟಿನ ಹುಕುಂ ಸವಣೂರ ಗಡಿ ದಾಟಿ ಬರೂದ್ರಾಗ ನಿಮ್ಮ ಮೊಮ್ಮಕ್ಕಳು ಮುದುಕರಾಗ್ತಾರ. ಒಂದು ಪೈ ಕೊಡಬ್ಯಾಡ್ರಿ." ನಾ ಅಂದೆ, "ಸಾಹೇಬ್ರ, ಎಲಿ ತಿಂದು ಮಾತು ಕೊಟ್ಟದ್ದು ಶಿಗ್ಗಾವ್ಯಾಗ. ಗಡಿ ದಾಟಿದೆ ಅಂತ ಅದನ್ನ ಹೊಳ್ಳಿ ಉಗಳಾಕ ಬರತೈತೇನ್ರಿ?" ಅವರ ಫೀ ಕೊಟ್ಟು ಎದ್ದುಬಂದೆ.

ಮೋತಿ, ಟಾಂಗಾ ಕೂಡಿ ನೂರಾ ತೊಂಬತ್ತು ಬಂತು. ಉಳದದ್ದು ಮುಂದಿನ ಎಲಿ ಮ್ಯಾಲೆ ಮುಂಗಡ ತಗೊಂಡೆ. ಗಡುವಿನೊಳಗ ಮುನ್ನೂರೂ ಕಟ್ಟಿಬಿಟ್ಟೆ, ಅದಕ್ಕ ಬಡ್ಡಿ ಇಲ್ಲ. ನಿನ್ನ ಮನಿಆರ್ಡರ್ ಬಂದಾಗೊಮ್ಮೆ ಪರಮೇಶಪ್ಪ ಅದನ್ನ ನನ್ನ ಕೈಯಾಗ ಕೊಡ್ತಿದ್ರು. ಇನ್ನ ರೊಕ್ಕಾ ಕಳಸಬ್ಯಾಡಂತ ನಿನಗ ಬರಿಯೂಣು ಅಂದ್ರು ಅವರು. ನಾನೇ ತಡದೆ. ದುಡದು ತೀರಿಸೇನಿ ಅಂತ ನೀ ನನ್ನ ಮುಂದ ತಲಿ ಎತ್ತಿ ಬರಬೇಕಿತ್ತು. ಇವತ್ತ ಬಂದಿ ನೋಡು.

ಆ ರೊಕ್ಕಾ ನಾ ತಿಂದಿಲ್ಲ. ಹಾನಗಲ್ಲಿನ ಅಕ್ಕಿ ಗಿರಣಿಯವರು ಹೋದ ವಾರ ಹಳೇ ಇಂಜಿನ್ನು ಮಾರಾಕ ತಗದ್ರು, ನಾ ತಗೊಂಡೆ. ನೀ ಬರದಂಗ ಚಾಲೂ ಮಾಡಿಸಿ ನೋಡೇನಿ, ಕರಿ ಹೊಗಿ ಬರಲಿಲ್ಲ. ಇನ್ನೂರಾ ಎಪ್ಪತ್ತು ಇಂಜಿನ್ನು ಪಂಪಿಗೆ, ಮೂವತ್ತು ಗಾಡಿ ಬಾಡಗಿಗೆ. ಬಿಲ್ಲು ನಿನ್ನ ಹೆಸರಿಲೆ ಮಾಡ್ಸೇನಿ: ಉಳವಪ್ಪ ಶಂಕ್ರಪ್ಪ, ದುಂಡಸಿ. ಇಂಜಿನ್ನು ನಿಂದು, ಬಾವಿ ನಂದು. ಆಜೂಬಾಜೂ ತೋಟದವರೂ ಬಾಡಗಿ ಕೊಟ್ಟು ನೀರು ಕೇಳಾಕತ್ತಾರ. ಹಿರೇಕೆರೂರಿನಾಗ ಇರತೀಯೋ ಇಲ್ಲಿ ಬರತೀಯೋ, ಸಾವಂತ್ರವ್ವನ್ನ ಕೇಳಿ ನೀನೇ ಠರಾಯಿಸು.

ಒಂದೇ ತ್ರಾಸ ಐತಿ. ಮೂರು ಗಾಡ್ಯಾಗ ಬಿಚ್ಚಿ ತಂದು ಬಾವಿ ದಂಡಿಗೆ ಹಾಕ್ಯಾರ. ಜೋಡಸಾಂವ ಈ ಊರಾಗ ಒಬ್ಬಾಂವ ಇಲ್ಲ. ಬೋಲ್ಟು ಒಂದು ಬುಟ್ಟಿ ಅದಾವು, ಎಲ್ಲಿವು ಎಲ್ಲಿ ಕೂಡತಾವೋ ಅಲ್ಲಾಗೇ ಗೊತ್ತು. ಅಪ್ಪಣೆ ಬೇಡತೇನಿ ಅಂತ ಬರದೀಯಲ್ಲ, ನಿನಗ ಬ್ಯಾರೆ ಅಪ್ಪಣೆ ಒಂದು ಕೇಡು! ಬಾರೋ ಲಗೂನ.

ಫಕ್ರುಸಾಬ


ಹಿರೇಕೆರೂರು, ೩ ಆಗಸ್ಟ್ ೧೯೪೦

ಚಾಚಾ,

ನಿಮ್ಮ ಪತ್ರವನ್ನು ಗಿರಣಿಯಲ್ಲೇ ಓದಿದೆ. ಅಳುತ್ತಿದ್ದೇನೆಂದು ತಿಳಿದು ಸಾವಂತ್ರವ್ವ ಓಡಿ ಬಂದರು. ಸುದ್ದಿ ಕೇಳಿ ಅವರೂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋಗಪಾ, ಅವರ ನೀರು ಹರಿಸಿ ಬಾ. ಸಂತಿ ದಿನ ಅಷ್ಟ ಇಲ್ಲಿ ನೋಡಿದ್ರ ಸಾಕು" ಎಂದು ಅಪ್ಪಣೆ ಕೊಟ್ಟಿದ್ದಾರೆ. ಗುರುವಾರದ ಮೋಟಾರಿಗೆ ಬರುತ್ತೇನೆ. ಅಲ್ಲಿಯವರೆಗೆ ಬೋಲ್ಟುಗಳನ್ನು ಯಾರೂ ಮುಟ್ಟಬಾರದು. ಬುಟ್ಟಿಯ ಸಮೇತ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿರಿ. ಎಣ್ಣೆ ತುಟ್ಟಿಯಾಗಿದೆ, ಗೊತ್ತಿದೆ, ಆದರೂ ಹಾಕಿರಿ.

ಇಸಾಕ ಬಿ.ಎ. ಪಾಸಾಗಿ ಬಂಕಾಪುರಕ್ಕೆ ಬಂದಿದ್ದಾನೆ. ಮೋತಿ ಯಾರ ಮನೆಯಲ್ಲಿದೆ, ಕೊಡುತ್ತಾರೆಯೇ ಎಂದು ಕೇಳಿಕೊಂಡು ಬಾ ಎಂದು ಅವನಿಗೆ ಇವತ್ತೇ ಬರೆದಿದ್ದೇನೆ. ನೀರಿನ ಮೊದಲ ಬಾಡಿಗೆ ಅದಕ್ಕೇ ಹೋಗಬೇಕು. ಈ ಒಂದು ಮಾತಿನಲ್ಲಿ ನೀವು ನಡುವೆ ಬಾಯಿ ಹಾಕಕೂಡದು.

ನಿಮ್ಮ ಮುಂದೆ ನಿಂತಾಗ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಾನು ಬಂದ ಕೂಡಲೇ ಎರಡು ಎಲೆ, ಅಡಿಕೆ ನನ್ನ ಕೈಗೆ ಕೊಡಿರಿ, ಪರಮೇಶಪ್ಪನವರಿಗೆ ಕೊಟ್ಟ ಹಾಗೆ. ನೀವೂ ಹಾಕಿಕೊಳ್ಳಿರಿ, ನಾನೂ ಹಾಕಿಕೊಳ್ಳುತ್ತೇನೆ. ಆಮೇಲೆ ಬಾವಿಯ ಕಡೆಗೆ ಹೋಗೋಣ.

ನಿಮ್ಮ ಮಗ
ಉಳವಪ್ಪ